ಮಳೆಗಾಲದ ಗಾಯ, ಬೇಸಿಗೆಯ ಬೋರ್ಡು

ನಮ್ಮ ಮನೆಯಲ್ಲಿ ಯಾರಾದರೂ 'ಆರಾಮ ಅದೀನಿ' ಎಂದರೆ ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆಯವರ ಮನೆಗಳಲ್ಲಿ ನೆಂಟರು ಹೊಸ್ತಿಲು ದಾಟುವಾಗ ಕೇಳುವ, ಹೇಳುವ ಮಾತು ಅದು. ನಮ್ಮಲ್ಲಿ ಮಾತ್ರ ಬೈಗುಳಕ್ಕಿಂತ ಕಡೆಯಾಗಿತ್ತು. ಅದಕ್ಕೆ ಕಾರಣ ಅಪ್ಪ. ಅಪ್ಪ ಬ್ರಿಟಿಷರ ಪಲ್ಟಣದಲ್ಲಿ, ಸಿಪಾಯಿಗಿಂತ ಒಂದೆರಡು ಮೆಟ್ಟಿಲು ಮೇಲಿನ ನಾಯಕ ಹುದ್ದೆಯಲ್ಲಿದ್ದವನು. ಮಹಾಯುದ್ಧದಲ್ಲಿ ಇರಾಕಿನ ಬಸರೆಯ ಕಡೆಗೆ ಹೋಗಿ, ತೊಡೆಯೊಳಗೆ ತೋಪಿನ ಗುಂಡಿನ ಚೂರೊಂದನ್ನು ಇಟ್ಟುಕೊಂಡು ಖಾನಾಪುರಕ್ಕೆ ಮರಳಿದ್ದ. ನಡೆಯುವಾಗ ಕಾಲು ಎಳೆಯುತ್ತಿತ್ತು, ಮಲಗಿದರೆ ಮಗ್ಗಲು ಬದಲಿಸಲು ಹಲ್ಲು ಕಚ್ಚಬೇಕಿತ್ತು. ಆದರೂ ಹೇಗಿದ್ದೀ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ. ಪಲ್ಟಣದಲ್ಲಿ ಮೇಲಿನವರು ಕೇಳಿದಾಗ ಎದೆ ಉಬ್ಬಿಸಿ ಹಾಗೆ ಹೇಳಬೇಕೆಂದು ಕಲಿಸಿದ್ದರಂತೆ. ಯುದ್ಧ ಮುಗಿದ ಮೇಲೆ ಅದನ್ನು ಬಿಡಿಸುವವರು ಯಾರೂ ಇರಲಿಲ್ಲ. ಆ ಕೆಲಸ ಅವ್ವನ ಪಾಲಿಗೆ ಬಂತು.

ಖಾನಾಪುರದ ನಮ್ಮ ಮನೆ ಅಗಲಕ್ಕಿಂತ ಉದ್ದ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಪಡಸಾಲೆ ಆಯಿಯದು, ಅಂದರೆ ಅಪ್ಪನ ತಾಯಿಯದು. ಅಲ್ಲಿ ಗೂಟಕ್ಕೆ ಅಪ್ಪನ ಖಾಕಿ ಕೋಟು ತೂಗುತ್ತಿತ್ತು. ಆಯಿ ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳ ಜೊತೆಗೆ ಆ ಕೋಟಿನ ಬಿಲ್ಲೆಯನ್ನೂ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಬಂದವರನ್ನು ಅದರ ಕೆಳಗೇ ಕೂರಿಸಿ ಮಗನ ಪರಾಕ್ರಮ ಹೇಳುತ್ತಿದ್ದಳು. ನಡುಮನೆಗೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಅಪ್ಪನ ಹಾಸಿಗೆ, ಅಪ್ಪನ ಗಾಯ, ಮಳೆಗಾಲದಲ್ಲಿ ಗಾಯದ ವಾಸನೆ. ಬಿಲ್ಲೆ ನೋಡಿ ಕೈಮುಗಿದು ಹೋದ ಊರಿನವರಲ್ಲಿ ಹತ್ತು ಹೆಜ್ಜೆ ಒಳಗೆ ಬಂದು ಆ ಕಾಲನ್ನು ನೋಡಿದವರು ಇಲ್ಲವೇ ಇಲ್ಲ ಎನ್ನಬೇಕು.

ಆ ಗಾಯದ ಸ್ವಭಾವವೇ ವಿಚಿತ್ರ. ಬೇಸಿಗೆಯಲ್ಲಿ ಅದು ಮುಚ್ಚಿಕೊಂಡಿರುತ್ತಿತ್ತು. ತೆಳ್ಳನೆಯ ಹೊಳೆಯುವ ಚರ್ಮ, ನೋಡಿದವರಿಗೆ ಮಾಗಿದ ಗಾಯವೇ. ಮಿರಗದ, ಅಂದರೆ ಮೃಗಶಿರೆಯ, ಮಳೆ ಹಿಡಿದು ಗೋಡೆಗಳು ತೇವ ಕುಡಿಯಲು ಶುರುವಾದ ಮೇಲೆ ಅದು ಮೆಲ್ಲಗೆ ಕೆಂಪಾಗಿ, ಊದಿ, ಬಾಯಿ ಬಿಡುತ್ತಿತ್ತು. ಆಮೇಲೆ ಕೀವು, ಜ್ವರ. ನಮ್ಮ ಕಡೆಯ ಮಳೆ ಬೇಗ ಬಿಡುವಂಥದ್ದಲ್ಲ, ಹಾಗಾಗಿ ಗಾಯವೂ ಬಿಡುತ್ತಿರಲಿಲ್ಲ. ಅವ್ವ ಬೆಳಗ್ಗೆ ಎದ್ದು ಬೇವಿನ ಎಲೆ ಹಾಕಿ ನೀರು ಕುದಿಸಬೇಕು, ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳನ್ನು ಬೇರೆ ನೀರಿನಲ್ಲಿ ಕುದಿಸಬೇಕು. ಆ ಪಾತ್ರೆ ಅಡುಗೆಯ ಒಲೆಯ ಮೇಲೆ ಕೂರಬಾರದು ಎಂದು ಆಯಿಯ ಹಟ. ಮಳೆ ಸುರಿಯುವಾಗ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೊತ್ತಿಸುವುದು ಹೇಗೆ ಎಂದು ಅವ್ವನ ಪ್ರಶ್ನೆ. ಕೊನೆಗೆ ಅವ್ವ ಹಿತ್ತಲ ಬಾಗಿಲ ಮೂಲೆಯಲ್ಲಿ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ಒಲೆ ಹೂಡಿದಳು. ಹೊಗೆಯೆಲ್ಲ ಮನೆಯೊಳಗೆ. ಆಯಿ ಕೆಮ್ಮಿದಾಗಲೆಲ್ಲ ಅವ್ವ ಕೇಳಿಸದವಳ ಹಾಗೆ ಊದುಗೊಳವೆಯನ್ನು ಇನ್ನಷ್ಟು ಜೋರಾಗಿ ಊದುತ್ತಿದ್ದಳು.

ಊಟದ ಜಗಳ ಬೇರೆಯೇ ಇತ್ತು. ಬದನೆಕಾಯಿ ನಂಜು, ಶೇಂಗಾ ನಂಜು, ಬೆಲ್ಲ ನಂಜು ಎಂದು ಆಯಿ ಒಂದೊಂದಾಗಿ ಅಪ್ಪನ ತಾಟಿನಿಂದ ತೆಗೆಸುತ್ತ ಬಂದು, ಕಡೆಗೆ ಅದರಲ್ಲಿ ಗಂಜಿಯೂ ಉಪ್ಪೂ ಮಾತ್ರ ಉಳಿದವು. ಊರ ದವಾಖಾನೆಯ ಡಾಕ್ಟರು ಮೊಟ್ಟೆ, ಹಾಲು ಕೊಡಿ, ಇಲ್ಲದಿದ್ದರೆ ಮೈಯಲ್ಲಿ ತ್ರಾಣ ಎಲ್ಲಿಂದ ಬರಬೇಕು ಎಂದಿದ್ದರು. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಒಳಗಿನ ಕಬ್ಬಿಣ ತೆಗೆಯುವತನಕ ಈ ಗಾಯ ಮಾಯುವುದಿಲ್ಲ, ಅದು ತಮ್ಮ ಕೈಯಲ್ಲಿ ಆಗುವ ಕೆಲಸವಲ್ಲ, ಬೆಳಗಾವಿಯಲ್ಲಿ ದಂಡಿನವರ ದೊಡ್ಡ ದವಾಖಾನೆಯಲ್ಲೇ ಆಗಬೇಕು ಎಂದು. ಆದರೆ ಪಿಂಚಣಿಯಾಗಿ ಮನೆಗೆ ಬಂದ ಸಿಪಾಯಿಯನ್ನು ಅಲ್ಲಿ ಸುಮ್ಮನೆ ಒಳಗೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡಿನ ಬೀಡಿನ, ಒಂದು ಬಂಗಲೆಯಲ್ಲಿ ಹಳೆಯ ಸಿಪಾಯಿಗಳನ್ನು ಪರೀಕ್ಷಿಸುವ ಡಾಕ್ಟರ್ ಸಾಹೇಬರ ಮಂಡಳಿ, ಬೋರ್ಡು, ಕೂರುತ್ತಿತ್ತು. ಗಾಯ ಇನ್ನೂ ಇದೆ ಎಂದು ಬೋರ್ಡು ಒಪ್ಪಿದರೆ ಸರಕಾರವೇ ಚಿಕಿತ್ಸೆ ಮಾಡಿಸುವುದು. ಮಾಗಿದೆ ಎಂದರೆ ಅಲ್ಲಿಗೆ ಮುಗಿಯಿತು.

ನನಗೆ ನೆನಪಿರುವ ಮೊದಲನೆಯ ಬೋರ್ಡಿಗೆ ಅಪ್ಪ, ಅವ್ವ, ಮಗಳಾದ ನಾನು ಮೂವರೂ ಮದುವೆಗೆ ಹೊರಟವರ ಹಾಗೆ ಹೋದೆವು. ಅಪ್ಪ ಗಡ್ಡ ಬೋಳಿಸಿ, ಕೋಟು ತೊಟ್ಟು, ಬೂಟಿಗೆ ಎಣ್ಣೆ ಹಚ್ಚಿದ್ದ. ಖಾನಾಪುರದಲ್ಲಿ ರೈಲು ಹತ್ತಿ ಬೆಳಗಾವಿಯಲ್ಲಿ ಇಳಿದು, ಬಂಗಲೆಯ ಹೊರಗೆ ಮಾವಿನ ಮರದ ಕೆಳಗೆ ಕೂತೆವು. ಅಪ್ಪ ಒಳಗೆ ಹೋದವನು ತುಸು ಹೊತ್ತಿನಲ್ಲೇ ನಗುತ್ತ ಹೊರಗೆ ಬಂದ.

"ಸಾಹೇಬ ಭಾಳ ಚಲೋ ಮನಷ್ಯಾ. ಹೆಂಗದೀ ಜವಾನ್ ಅಂತ ಪ್ರೀತೀಲೆ ಕೇಳಿದ."

"ನೀವೇನಂದ್ರಿ?" ಎಂದಳು ಅವ್ವ.

"ಠೀಕ್ ಹೈ ಸಾಬ್ ಅಂದ್ನಿ. ಮತ್ತೇನಂತಾರ?"

ಅವ್ವ ಗಂಟು ಎತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದೇಬಿಟ್ಟಳು. ಹಿಂದೆ ಅಪ್ಪ ಕಾಲೆಳೆಯುತ್ತ, ಏನು ತಪ್ಪಾಯಿತೆಂದು ನನ್ನನ್ನು ಕೇಳುತ್ತ ಬಂದ. ಆ ಮಳೆಗಾಲದಲ್ಲಿ ಗಾಯ ಎಂದಿಗಿಂತ ಮುಂಚೆಯೇ ಬಾಯಿ ಬಿಟ್ಟಿತು.

ಮುಂದಿನ ಬೇಸಿಗೆಗೆ ಅವ್ವ ತಯಾರಿ ಮಾಡಿಸಿದಳು. ನಡುಮನೆಯಲ್ಲಿ ಅಕ್ಕಿಯ ಚೀಲದ ಮೇಲೆ ತಾನು ಸಾಹೇಬನಾಗಿ ಕೂತು, ಅಪ್ಪನನ್ನು ಎದುರಿಗೆ ನಿಲ್ಲಿಸುವುದು. ತಲೆಗೆ ಅಪ್ಪನದೇ ಹಳೆಯ ಟೋಪಿ. ಆಯಿ ಇದನ್ನು ಕಂಡು ಗಲ್ಲ ಬಡಿದುಕೊಂಡಳು. ನಾನು ದುಭಾಷಿ. ಅಪ್ಪ ಮನೆಯಲ್ಲಿ ಸಿಟ್ಟು ಬಂದಾಗಲೂ ಖುಷಿ ಬಂದಾಗಲೂ ಪಲ್ಟಣದ ಹಿಂದೂಸ್ತಾನಿಯಲ್ಲೇ ಮಾತಾಡುತ್ತಿದ್ದುದರಿಂದ ನನಗೆ ಅದು ಬರುತ್ತಿತ್ತು. ಅವ್ವನಿಗೆ ಕನ್ನಡ, ಮರಾಠಿ ಎರಡೇ, ಹಾಗಾಗಿ ಅಪ್ಪ ಅದೇ ಪಾಠವನ್ನು ಹಿಂದೂಸ್ತಾನಿಯಲ್ಲಿ ಹೇಳಿದಾಗ ತಪ್ಪಿಲ್ಲವೆಂದು ಅವಳಿಗೆ ತಿಳಿಸುವುದು ನನ್ನ ಪಾಲು.

"ಹೆಂಗದೀ ಜವಾನ?" ಎಂದು ಅವ್ವ ಇಲ್ಲದ ಮೀಸೆ ತಿರುವಿದಳು.

ಅಪ್ಪ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಸರಿಯಾಗಿಯೇ ಹೇಳಿದ.

"ತ್ರಾಸ ಅದ ಸಾಬ್. ಮಳಿ ಹತ್ತಿತಂದ್ರ ಗಾಯ ಬಾಯಿ ಬಿಡತೈತಿ, ಕೀವು ಬರತೈತಿ, ಜ್ವರಾ ಬರತಾವ. ಕುಂತ್ರ ಏಳಾಕ ಆಗೂದಿಲ್ಲ."

"ಹಿಂಗ ಹೇಳ್ರಿ, ಸಾಕು. ಒಂದಕ್ಷರ ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ."

ದಿನವೂ ಊಟದ ಮೊದಲು ಇದು ನಡೆಯುತ್ತಿತ್ತು. ಆಯಿಗೆ ಸಹಿಸಲು ಆಗಲಿಲ್ಲ.

"ನನ್ನ ಮಗಾ ಏನ್ ಭಿಕ್ಷಾ ಬೇಡಾಕ ಹೊಂಟಾನೇನು? ದೊಡ್ಡವರ ಮುಂದ ಅಳೂದು ಕಲಸಾಕ ಹತ್ತೀಯಲ್ಲ!"

"ಭಿಕ್ಷಾ ಅಲ್ಲ ಅತ್ತೀ. ಅವರ ಕೆಲಸಕ್ಕ ಹೋದಾಗ ಆದ ಗಾಯ. ಅವರ ಮಾಯಸಿ ಕೊಡ್ಲಿ. ಇಲ್ಲಾಂದ್ರ ನೀವ ಬಂದು ಪಟ್ಟಿ ತೊಳೀರಿ."

ಆಯಿ ಪಟ್ಟಿ ತೊಳೆಯಲು ಬರಲಿಲ್ಲ, ಆದರೆ ಬಾಯಿಯನ್ನೂ ಮುಚ್ಚಲಿಲ್ಲ. ಬೋರ್ಡಿನ ದಿನ ಬಂತು. ಅಪ್ಪ ರೈಲಿನಲ್ಲಿ ಕಣ್ಣು ಮುಚ್ಚಿ ಪಾಠ ಒಪ್ಪಿಸುತ್ತಲೇ ಇದ್ದ. ಒಳಗೆ ಹೋದ. ಹೊರಗೆ ಬಂದಾಗ ಈ ಸಲ ನಗುತ್ತಿರಲಿಲ್ಲ. ಮುಖದಲ್ಲಿ ಬೆವರಿತ್ತು, ನಮ್ಮ ಕಡೆ ನೋಡಲಿಲ್ಲ.

"ಹೇಳಿದ್ರಿಲ್ಲೋ?"

"ಹೇಳಾಕ ಬಿಡಲಿಲ್ಲ. ನಡದು ತೋರ್ಸು ಅಂದ್ರು."

"ಕುಂಟಿದ್ರೋ ಇಲ್ಲೋ?"

ಅಪ್ಪ ಬೂಟಿನ ತುದಿಯಿಂದ ಒಣಗಿದ ಮಾವಿನೆಲೆಯೊಂದನ್ನು ಬದಿಗೆ ಸರಿಸಿದ.

"ಸಾಹೇಬ್ರ ಮುಂದ ಕುಂಟೂದು ಹೆಂಗ?"

ಕುಂಟಿರಲಿಲ್ಲ. ಪರೇಡಿನಲ್ಲಿ ನಡೆದ ಹಾಗೆ ನೆಲ ಗುದ್ದಿ ನಡೆದು, ತಿರುಗಿ, ಸಲಾಮು ಹೊಡೆದು ಬಂದಿದ್ದ. ಅದರ ಫಲವಾಗಿ ಮನೆಗೆ ಬಂದವನು ನೆಲ ಹಿಡಿದ. ಅವ್ವ ಊಟದ ತಾಟನ್ನು ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು. ಅವಳಿಗೆ ಯಾರ ಮೇಲೆ ಸಿಟ್ಟು ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಬಾಯಿ ಬಿಡದ ಗಂಡನ ಮೇಲೋ, ಬೇಸಿಗೆಯಲ್ಲಿ ಕೂತು ಮಳೆಗಾಲದ ಗಾಯ ನೋಡುವ ಸಾಹೇಬರ ಮೇಲೋ, ಬಿಲ್ಲೆ ಬೆಳಗುವ ಅತ್ತೆಯ ಮೇಲೋ. ಈಗ ಅನ್ನಿಸುತ್ತದೆ, ಅವಳಿಗೆ ಆರಿಸಿಕೊಳ್ಳುವಷ್ಟು ಬಿಡುವೇ ಇರಲಿಲ್ಲ, ಎಲ್ಲರ ಮೇಲೂ ಸಿಟ್ಟಿತ್ತು.

ಆ ವರ್ಷದ ಮಳೆ ಕೆಟ್ಟದಾಗಿ ಹಿಡಿಯಿತು. ಗಾಯ ಒಂದು ಕಡೆಯಲ್ಲ, ಎರಡು ಕಡೆ ಬಾಯಿ ತೆರೆಯಿತು. ಜ್ವರದಲ್ಲಿ ಅಪ್ಪ ನನ್ನನ್ನು ಯಾವನೋ ಸಿಪಾಯಿಯ ಹೆಸರಿನಿಂದ ಕರೆದ. ಅವತ್ತು ಅವ್ವ ಕುದಿಸಿದ ಪಟ್ಟಿಗಳನ್ನೆಲ್ಲ ಒಂದು ಗಂಟು ಕಟ್ಟಿದಳು, ರೊಟ್ಟಿಗಳನ್ನು ಇನ್ನೊಂದು. ಇನ್ನೂ ಸಣ್ಣವನಾಗಿದ್ದ ನನ್ನ ತಮ್ಮನನ್ನು ಆಯಿಯ ಮಡಿಲಿಗೆ ಹಾಕಿದಳು.

"ಬೋರ್ಡು ಬ್ಯಾಸಗ್ಯಾಗ ಐತಿ, ಈಗ್ಯಾಕ ಹೊಂಟಿ?" ಎಂದಳು ಆಯಿ.

"ಬ್ಯಾಸಗೀತನಕ ಇವರು ಉಳೀಬೇಕಲ್ಲ ಅತ್ತೀ."

ಆಯಿ ತಾನೇ ಎದ್ದು ಹೋಗಿ ಗೂಟದಿಂದ ಕೋಟು ತಂದಳು. ಅವ್ವ ಅದನ್ನು ವಾಪಸು ಗೂಟಕ್ಕೆ ಹಾಕಿ, ಅಪ್ಪನಿಗೆ ಕಂಬಳಿ ಹೊದಿಸಿದಳು. ಚಕ್ಕಡಿಯಲ್ಲಿ ಸ್ಟೇಷನ್ನು ಮುಟ್ಟುವಷ್ಟರಲ್ಲಿ ನಾವು ಮೂವರೂ ತೊಯ್ದು ತೊಪ್ಪೆಯಾಗಿದ್ದೆವು.

ಬೆಳಗಾವಿಯಲ್ಲಿ ಚಿಗವ್ವನ ಮನೆ, ಅಂದರೆ ಅವ್ವನ ತಂಗಿಯ ಮನೆ, ಕೋಟೆಯ ಹತ್ತಿರದ ಒಂದು ಗಲ್ಲಿಯಲ್ಲಿತ್ತು. ಇದ್ದದ್ದೇ ಒಂದು ಖೋಲಿ. ಅದರಲ್ಲಿ ಅವರು ನಾಲ್ಕು ಜನ, ನಾವು ಮೂವರು. ಪಟ್ಟಿ ತೊಳೆಯಲು ಹತ್ತು ಮನೆಗೆ ಸೇರಿದ ಒಂದೇ ನಳ. ನಾವು ಅಲ್ಲಿಗೆ ಹೋದರೆ ಉಳಿದ ಹೆಂಗಸರು ಮೂಗು ಮುಚ್ಚಿಕೊಂಡು ಕೊಡ ಎತ್ತಿಕೊಳ್ಳುತ್ತಿದ್ದರು. ಚಿಗವ್ವ ಒಳ್ಳೆಯವಳು. ಆದರೂ ಎರಡನೆಯ ದಿನವೇ ಅವಳು ಪಾತ್ರೆಗಳನ್ನು ಸದ್ದು ಮಾಡಿ ಇಡಲು ಶುರುಮಾಡಿದ್ದಳು. ಇನ್ನು ಬಂಗಲೆಯಲ್ಲಿ ಸಾಹೇಬರನ್ನು ಕಾಣಬೇಕಾದರೆ ಮೊದಲು ಕಿಟಕಿಯಲ್ಲಿ ಕೂರುವ ಗುಮಾಸ್ತ ಬಾಬುವನ್ನು ದಾಟಬೇಕಿತ್ತು. ಸಣಕಲು ಮನುಷ್ಯ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು.

"ಬೋರ್ಡು ಬ್ಯಾಸಗ್ಯಾಗ ಕೂಡತೈತಿ. ಆವಾಗ ಬರ್ರಿ."

"ಬ್ಯಾಸಗ್ಯಾಗ ಗಾಯ ಮುಚ್ಚಿರತೈತ್ರಿ," ಎಂದಳು ಅವ್ವ.

"ಮುಚ್ಚಿದ್ರ ಚಲೋನ ಆತಲ್ಲ."

"ಮಳಿಗಾಲದಾಗ ಬಾಯಿ ಬಿಡತೈತ್ರಿ. ಈಗ ಬಿಟ್ಟೈತಿ, ನೋಡ್ರಿ."

"ಮಳಿಗಾಲದಾಗ ಬೋರ್ಡ ಇಲ್ಲ. ನಾ ನೋಡಿ ಏನ್ ಮಾಡ್ಲಿ?"

"ಹಂಗಾರ ದವಾಖಾನ್ಯಾಗರ ಒಳಗ ತಗೋರಿ."

"ಬೋರ್ಡು ಹೇಳಲ್ದ ದವಾಖಾನ್ಯಾಗ ತಗೊಳ್ಳೂದಿಲ್ಲ."

"ಈ ಗಾಯಕ್ಕ ನಿಮ್ಮ ಪಂಚಾಂಗ ಗೊತ್ತಿಲ್ರಿ, ಬಾಬೂ!"

ಬಾಬು ಕೆಟ್ಟವನಾಗಿರಲಿಲ್ಲ. ಮೇಲಿನಿಂದ ಬಂದ ನಿಯಮವನ್ನು ಕೆಳಗಿನವರಿಗೆ ಹೇಳಿ ಹೇಳಿ ಅವನಿಗೂ ಬೇಸರ ಹಿಡಿದಿತ್ತು. ಹನಿ ಬೀಳದ ಕಡೆ ಕೂರಿ ಎಂದು ಜಗಲಿಯ ಒಂದು ಮೂಲೆ ತೋರಿಸಿದ. ನಾವು ದಿನವೂ ಬೆಳಗ್ಗೆ ಹೋಗಿ ಆ ಮೂಲೆಯಲ್ಲಿ ಕೂತು, ಸಂಜೆ ಚಿಗವ್ವನ ಮನೆಗೆ ಮರಳುತ್ತಿದ್ದೆವು. ಬಂದು ಹೋಗುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಅಪ್ಪ ಕಂಬಳಿಯೊಳಗೆ ನಡುಗುತ್ತಿದ್ದ. ಅವ್ವ ಬಾಬುವಿನ ಕಿಟಕಿಯ ಮುಂದೆ ದಿನವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ ಬರುತ್ತಿದ್ದಳು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಒಳಗಿನಿಂದ ಡಾಕ್ಟರ್ ಸಾಹೇಬರೊಬ್ಬರು ಹೊರಗೆ ಬಂದರು. ಬಿಳಿಯರಲ್ಲ, ನಮ್ಮ ದೇಶದವರೇ, ಉತ್ತರದ ಕಡೆಯವರು. ಸಿಪಾಯಿಯೊಬ್ಬ ಅವರಿಗೆ ಛತ್ರಿ ಬಿಚ್ಚುತ್ತಿದ್ದ. ಅವರ ಕಣ್ಣು ನಮ್ಮ ಮೂಲೆಯ ಮೇಲೆ ಬಿತ್ತು. ಅಷ್ಟೇ ಸಾಕಾಯಿತು. ಬೆಳಗ್ಗೆಯಿಂದ ತಲೆ ಎತ್ತದ ಅಪ್ಪ ಕಂಬಳಿ ಕೆಡವಿ, ಗೋಡೆ ಹಿಡಿದು ಎದ್ದು, ಹಿಮ್ಮಡಿ ಜೋಡಿಸಿ ಸಲಾಮು ಹೊಡೆದ.

"ಕೈಸಾ ಹೈ, ಜವಾನ್?" ಎಂದರು ಸಾಹೇಬರು.

"ಠೀಕ್ ಹೈ, ಸಾಬ್!"

ಸಾಹೇಬರು ತಲೆಯಾಡಿಸಿ ಮೆಟ್ಟಿಲಿಳಿಯತೊಡಗಿದರು. ಅವ್ವ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. ನನಗೆ ಏನಾಯಿತೋ ಗೊತ್ತಿಲ್ಲ. ಹಿತ್ತಲ ಹೊಗೆ, ನಳದ ಹತ್ತಿರ ಮೂಗು ಮುಚ್ಚಿದ ಹೆಂಗಸರು, ಚಿಗವ್ವನ ಪಾತ್ರೆಗಳ ಸದ್ದು ಎಲ್ಲ ಸೇರಿ ಗಂಟಲಿಗೆ ಬಂದಿರಬೇಕು. ಎದ್ದು ನಿಂತು ಕಿರುಚಿದೆ.

"ಝೂಟ್ ಹೈ ಸಾಬ್! ಝೂಟ್ ಬೋಲ್ತಾ ಹೈ!"

ಹೇಳಿದ ಮೇಲೆ ನನಗೇ ಭಯವಾಯಿತು. ಅಪ್ಪನನ್ನು ಅವನ ಸಾಹೇಬರ ಎದುರು ಸುಳ್ಳುಗಾರ ಎಂದಿದ್ದೆ. ಅಪ್ಪನ ಸಲಾಮಿನ ಕೈ ಹಣೆಯ ಹತ್ತಿರವೇ ನಿಂತಿತ್ತು. ಅವನು ನನ್ನತ್ತ ತಿರುಗಲೂ ಇಲ್ಲ. ಸಾಹೇಬರು ಮೆಟ್ಟಿಲು ಹತ್ತಿ ವಾಪಸು ಬಂದರು. ಇವಳು ನಿನ್ನ ಮಗಳೇ ಎಂದು ಹಿಂದೂಸ್ತಾನಿಯಲ್ಲಿ ಕೇಳಿದರು. ಅಪ್ಪ ಹೌದೆಂದ. ಹಾಗಾದರೆ ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ, ಯಾರು ಹೇಳು ಎಂದರು. ನಗುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಉತ್ತರ ಬರುವತನಕ ನಿಲ್ಲುವವರ ಹಾಗೆ ನಿಂತರು.

ಹಂಚಿನಿಂದ ನೀರು ಸುರಿಯುತ್ತಿತ್ತು. ಬಾಬು ಕಿಟಕಿಯಿಂದ ಕತ್ತು ಚಾಚಿದ್ದ. ಅಪ್ಪನ ಕೈ ಮೆಲ್ಲಗೆ ಕೆಳಗಿಳಿಯಿತು. ಇಷ್ಟು ವರ್ಷ ಸಾಹೇಬರ ಮುಂದೆ ಹಿಂದೂಸ್ತಾನಿಯಲ್ಲೇ ಮಾತಾಡಿದವನಿಗೆ ಅವತ್ತು ಆ ಭಾಷೆ ಮರೆತುಹೋಯಿತು.

"ಮಗಳು ಖರೇ ಹೇಳತಾಳ ಸಾಬ್. ನನಗ ಆಗವಲ್ದು. ಭಾಳ ದಿನದಿಂದ ಆಗವಲ್ದು."

ಸಾಹೇಬರಿಗೆ ತಿಳಿಯಲಿಲ್ಲ. ಕಿಟಕಿಯ ಬಾಬು, ಯಾರೂ ಹೇಳದೆಯೇ, ಆ ಮಾತುಗಳನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾಹೇಬರು ಅಲ್ಲೇ ಮರದ ಬಾಕಿನ ಮೇಲೆ ಅಪ್ಪನನ್ನು ಮಲಗಿಸಿ ಪಟ್ಟಿ ಬಿಚ್ಚಿಸಿದರು. ಛತ್ರಿ ಹಿಡಿದ ಸಿಪಾಯಿ ಮುಖ ತಿರುಗಿಸಿದ. ಸಾಹೇಬರು ತಿರುಗಿಸಲಿಲ್ಲ. ಬಾಬು ಮೆಲ್ಲಗೆ ಬೋರ್ಡಿನ ಮಾತೆತ್ತಿದಾಗ ಅವರು ಇಂಗ್ಲಿಷಿನಲ್ಲಿ ಏನೋ ಅಂದರು. ಬಾಬು ರಿಜಿಸ್ಟರು ತೆರೆದು ಅಪ್ಪನ ಹೆಸರು ಬರೆದುಕೊಂಡ. ಕತ್ತಲಾಗುವ ಮೊದಲೇ ಅಪ್ಪ ದವಾಖಾನೆಯ ಮಂಚದ ಮೇಲಿದ್ದ.

ಚೂರು ಹೊರಗೆ ಬಂತು. ಅದಾದ ಮೇಲೂ ಅಪ್ಪ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಗಂಜಿ ಕೊಟ್ಟರೆ ಕುಡಿಯುತ್ತಿದ್ದ, ಮುಖ ಮಾತ್ರ ಗೋಡೆಗೆ. ಅವನ ಮಾನ ಕಳೆದೆನೋ ಜೀವ ಉಳಿಸಿದೆನೋ ತಿಳಿಯದೆ ನಾನು ಮಂಚದ ಕಾಲು ಹಿಡಿದು ಕೂರುತ್ತಿದ್ದೆ. ಒಂದು ಬೆಳಗ್ಗೆ ಸಾಹೇಬರು ರೋಗಿಗಳನ್ನು ನೋಡುತ್ತ ಬಂದು, ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳಿದರು, ಹೇಗಿದ್ದಾನೆ ಎಂದು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗಂಟಲು ಸರಿಮಾಡಿಕೊಂಡು ತಾನೇ ಶುರುಮಾಡಿದ. ಹೊಲಿಗೆ ಎಲ್ಲಿ ಎಳೆಯುತ್ತದೆ, ಮೊಣಕಾಲು ಎಲ್ಲಿ ಹಿಡಿಯುತ್ತದೆ, ಯಾವ ಹೊತ್ತಿಗೆ ನೋವು ಏರುತ್ತದೆ. ಹೇಳುತ್ತಲೇ ಹೋದ, ಬಸರೆಯಿಂದ ಹಿಡಿದು. ಸಾಹೇಬರು ನಿಂತು ಕೇಳಿದರು. ಕೊನೆಗೆ ಅವ್ವನೇ ತಡೆಯಬೇಕಾಯಿತು.

"ಸಾಕ್ರಿ, ಅವರಿಗೆ ಬ್ಯಾರೆ ಮಂದೀನೂ ಅದಾರ."

ಮುಂದೆ ನಾನು ನರ್ಸಿನ ಕೆಲಸ ಕಲಿತು ಊರೂರಿನ ದವಾಖಾನೆಗಳಲ್ಲಿ ದುಡಿದೆ. ಒಬ್ಬ ರೋಗಿಯನ್ನೂ ಹೇಗಿದ್ದೀರಿ ಎಂದು ಕೇಳಿದವಳಲ್ಲ. ಎಲ್ಲಿ ನೋಯುತ್ತದೆ ಎಂದೇ ಕೇಳುತ್ತಿದ್ದೆ. ಜೊತೆಯವರು ನನ್ನನ್ನು ಒರಟಿ ಎನ್ನುತ್ತಿದ್ದರು. ಅನ್ನಲಿ.

ಅಪ್ಪನ ಕಾಲು ಬಗ್ಗಲಿಲ್ಲ, ಆದರೆ ಗಾಯ ಮತ್ತೆ ಬಾಯಿ ಬಿಡಲಿಲ್ಲ. ಆ ಸಾಹೇಬರು ಮೇಲಿನವರಿಗೆ ಹೇಳಿ, ನಮ್ಮ ಮಳೆಸೀಮೆಯ ಹಳೆಯ ಸಿಪಾಯಿಗಳನ್ನು ಮಳೆಗಾಲದಲ್ಲೂ ನೋಡುವ ಹಾಗೆ ಮಾಡಿದರು. ಸುದ್ದಿ ಹರಡಿ, ಹಲಸಿ ಹಳ್ಳಿಯ ಕಡೆಯಿಂದಲೂ ಗುಂಜಿಯ ಕಡೆಯಿಂದಲೂ ಸಿಪಾಯಿಗಳ ಹೆಂಡಂದಿರು ನಮ್ಮ ಪಡಸಾಲೆಗೆ ಬರತೊಡಗಿದರು. ಆಯಿ ಅವರನ್ನು ಕೂರಿಸಿ ಮಗನ ಕಥೆ ಹೇಳುತ್ತಿದ್ದಳು. ಅವ್ವ ಅರ್ಧಕ್ಕೇ ಬಂದು, ಕಥೆ ಆಮೇಲೆ, ಗಂಡನಿಗೆ ಏನಾಗಿದೆ ಹೇಳಿ ಎನ್ನುತ್ತಿದ್ದಳು. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಹಳೆಯ ನಿಯಮವನ್ನೇ ತಂದು ಕೂರಿಸಿದರು. ಬೋರ್ಡು ಬೇಸಿಗೆಯಲ್ಲಿ ಮಾತ್ರ. ಇದನ್ನು ಕೇಳಿದ ದಿನ ಅವ್ವ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಆ ಮಳೆಗಾಲದಲ್ಲೇ ಗುಂಜಿಯ ವಿಠೋಬಾ ಎಂಬ ಸಿಪಾಯಿಗೆ ಬಸರೆಯಲ್ಲಿ ಹತ್ತಿದ ಚಳಿಜ್ವರ ಮರುಕಳಿಸಿತು. ಅವನ ಹೆಂಡತಿಗೆ ಮರಾಠಿ ಬಿಟ್ಟು ಬೇರೆ ಬಾರದು, ಬೆಳಗಾವಿ ನೋಡಿದವಳೇ ಅಲ್ಲ. ನಾವು ಅವರಿಬ್ಬರನ್ನೂ ಕರೆದುಕೊಂಡು ಹೋದೆವು. ಈ ಸಲ ಅಪ್ಪನೂ ಬಂದ. ವಿಠೋಬಾನನ್ನು ಕೊನೆಗೆ ಒಳಗೆ ತೆಗೆದುಕೊಂಡರು, ಆದರೆ ಅದು ಅವತ್ತಲ್ಲ, ಮರುದಿನವೂ ಅಲ್ಲ. ಅವತ್ತು ನಾವು ಜಗಲಿ ಹತ್ತಿದ ಕೂಡಲೇ ಬಾಬು ಕಿಟಕಿ ಬಿಟ್ಟು ಹೊರಗೆ ಬಂದ.

"ಅಕ್ಕಾರ, ನನಗರ ಯಾಕ ಕಾಡ್ತೀರಿ? ಬ್ಯಾಸಗ್ಯಾಗ ಬರ್ರಿ ಅಂತ ನಿಯಮ ಐತ್ರಿ."

"ಬರತೇವಿ," ಎಂದಳು ಅವ್ವ. "ಅಲ್ಲೀತನಕ ಇಲ್ಲೇ ಕುಂದರತೇವಿ."

ಅಪ್ಪ ಬಗ್ಗದ ಕಾಲನ್ನು ದಾರಿಗೆ ಅಡ್ಡವಾಗಿ ಚಾಚಿಕೊಂಡು ವಿಠೋಬಾನ ಬಾಜು ಕೂತ. ಅವ್ವ ಗಂಟು ಬಿಚ್ಚಿದಳು. ನಾನು ಎಲ್ಲರ ಕೈಗೂ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿಯ ಹಿಂಡಿ, ಉಳ್ಳಾಗಡ್ಡಿ ಇಟ್ಟೆ. ಬಾಬುವಿಗೂ ಒಂದು ಕೊಡು ಎಂದಳು ಅವ್ವ. ಅವನು ಬೇಡ ಬೇಡ ಎನ್ನುತ್ತಲೇ ಇಸಿದುಕೊಂಡ. ಒಳಗಿನ ಸಾಹೇಬರ ಬಾಗಿಲನ್ನೊಮ್ಮೆ, ನಮ್ಮನ್ನೊಮ್ಮೆ ನೋಡುತ್ತ, ಎಲ್ಲಿಗೂ ಹೋಗಲಾಗದೆ ರೊಟ್ಟಿ ಹಿಡಿದು ನಿಂತ.

"ನಿಂತು ತಿನಬ್ಯಾಡ್ರಿ ಬಾಬೂ," ಎಂದು ಅವ್ವ ಸೀರೆಯ ಸೆರಗು ಎಳೆದುಕೊಂಡು ಜಾಗ ಮಾಡಿದಳು. "ಕುಂದರ್ರಿ."